ಬಾಗಿಲ ಮೇಲಿನ ಕೆಂಪು ಚೇಳು

“ಬಾಲ ಇನ್ನಾ ಸ್ವಲ್ಪ ಮ್ಯಾಲ ಬರ್ಬೇಕು,” ಎಂದು ಪರಿಮಳಾ ತನ್ನಷ್ಟಕ್ಕೆ ಹೇಳಿಕೊಂಡಳು. ಬ್ರಶ್ಶನ್ನು ಕೆಂಪು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಸರ್ ಅಂತ ಒಂದೇ ಗೆರೆ ಎಳೆದಳು. ಗೆರೆ ಮೇಲಕ್ಕೆ ಹೋಗಿ, ಬಾಗಿ, ತುದಿಯಲ್ಲಿ ಕೊಂಡಿಯಾಗಿ ನಿಂತಿತು.

ಅಬ್ಬಾ! ಥೇಟ್ ಚೇಳು!

ಆಗ ಬೆಳಗಿನ ಆರು ಗಂಟೆ. ಸುರಪುರದ ಆ ಏರು ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನಾಯಿಗೆ ಚಿತ್ರದ ಮೇಲೆ ಆಸಕ್ತಿಯೂ ಇರಲಿಲ್ಲ. ಅದು ಪರಿಮಳಾಳ ಕಾಲ ಬಳಿ ಇದ್ದ ಹಾಲಿನ ಕ್ಯಾನನ್ನೇ ಮೂಸುತ್ತಿತ್ತು.

“ಹಚಾ! ಹೋಗ್ ಅತ್ಲಾಗ!”

ಅವಳು ಚೇಳು ಬರೆದದ್ದು ಹಂಪಣ್ಣನವರ ಕಿರಾಣಿ ಅಂಗಡಿಯ ಶಟರಿನ ಮೇಲೆ. ಅಂಗಡಿಯ ಹಿಂದೆಯೇ ಅವರ ಮನೆ. ಅದೇ ಮನೆಯಲ್ಲಿ ಹಂಪಣ್ಣನವರ ಮೊಮ್ಮಗಳು ಶಿವಾನಿ ಇನ್ನೂ ಗಾಢ ನಿದ್ದೆಯಲ್ಲಿದ್ದಳು. ಕೆಳಗಿನ ಓಣಿಯಲ್ಲಿ, ಟೇಲರ್ ಗಯಾಸನ ಮಗಳು ಮುಬೀನಾಳ ಮನೆಯ ಬಾಗಿಲ ಮೇಲೆ ಆಗಲೇ ಒಂದು ಚೇಳು ಒಣಗುತ್ತಿತ್ತು. ಇನ್ನೊಂದನ್ನು ಪರಿಮಳಾ ತನ್ನ ಮನೆಯ ಬಾಗಿಲಿಗೇ ಬರೆಯುವವಳಿದ್ದಳು. ಮೂರು ಬಾಗಿಲು, ಮೂರು ಚೇಳು, ಒಂದು ಗ್ಯಾಂಗ್.

ಇದಕ್ಕೆಲ್ಲ ಕಾರಣ ಶಿವಾನಿಯೇ. ಹಿಂದಿನ ದಿನ ಶಾಲೆಯಲ್ಲಿ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅವಳು ಮುಬೀನಾಳಿಗೆ ಹೇಳಿದ್ದಳು, “ನಮ್ಮ ಗ್ಯಾಂಗಿಗೆ ಒಂದ್ ಲೋಗೋ ಬೇಕ್ ನೋಡ್.”

“ಬಟರ್‌ಫ್ಲೈ ಹಾಕೋಣು,” ಅಂದಳು ಮುಬೀನಾ.

“ಥೂ! ಬಟರ್‌ಫ್ಲೈ ಎಲ್ಲಾರೂ ಹಾಕ್ತಾರ. ಡೇಂಜರ್ ಇರ್ಬೇಕು, ಡೇಂಜರ್!”

ಪರಿಮಳಾ ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಒಬ್ಬಳೇ ರೊಟ್ಟಿ ತಿನ್ನುತ್ತಿದ್ದಳು. ಧೈರ್ಯ ಮಾಡಿ ಕೇಳಿದಳು, “ನಾನೂ ನಿಮ್ಮ ಗ್ಯಾಂಗಿಗೆ ಬರ್ಲೇನು?”

ಶಿವಾನಿ ಮುಬೀನಾಳ ಮುಖ ನೋಡಿದಳು. ಮುಬೀನಾ ತನ್ನ ಚಪ್ಪಲಿ ನೋಡಿಕೊಂಡಳು.

“ನೋಡಮು,” ಅಂದಳು ಶಿವಾನಿ.

ನೋಡಮು ಅಂದರೆ ಇಲ್ಲ ಅಂತ ಅಲ್ಲವಲ್ಲ! ಪರಿಮಳಾ ಐದನೇ ತರಗತಿಗೆ ಈ ಶಾಲೆಗೆ ಸೇರಿ ಐದು ತಿಂಗಳಾಗಿತ್ತು. ಅಲ್ಲಿಯವರೆಗೆ ದೇವಾಪುರದಲ್ಲಿ ಅಜ್ಜಿ ಗೊಲ್ಲಾಳಮ್ಮ ಆಯಿಯ ಹತ್ತಿರ ಬೆಳೆದವಳು. ಅಲ್ಲಿ ಓಣಿ ತುಂಬ ಗೆಳತಿಯರು. ಇಲ್ಲಿ ಒಬ್ಬರೂ ಇಲ್ಲ. ಹುಟ್ಟುಹಬ್ಬಕ್ಕೆ ಅಂತ ಕ್ಲಾಸಿನ ಆರು ಜನರನ್ನು ಮನೆಗೆ ಕರೆದಿದ್ದಳು. ಅಪ್ಪ ಬಾಗಿಲಿಗೆ ಬಣ್ಣದ ಕಾಗದ ಕಟ್ಟಿ, ಮಂಡಕ್ಕಿ ಸೂಸಲ ಮಾಡಿ, ಮಿರ್ಚಿ ಬಜ್ಜಿ ತಂದಿಟ್ಟಿದ್ದ. ದೀಪ ಹಚ್ಚುವ ಹೊತ್ತಾದರೂ ಒಬ್ಬರೂ ಬರಲಿಲ್ಲ. ಕೊನೆಗೆ ಅಪ್ಪ, ಮಗಳು ಇಬ್ಬರೇ ತಣ್ಣಗಿನ ಮಿರ್ಚಿ ತಿಂದರು. ಅವತ್ತು ಪರಿಮಳಾ ಅಳಲಿಲ್ಲ, ಬಣ್ಣದ ಕಾಗದ ಬಿಚ್ಚಿ ಮಡಚಿಟ್ಟಳು.

ಯಾಕೆ ಬರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹತ್ತು ವರ್ಷದವರಿಗೆ ಏನೂ ತಿಳಿಯುವುದಿಲ್ಲ ಅಂತ ದೊಡ್ಡವರು ಅಂದುಕೊಂಡಿರುತ್ತಾರೆ. ಪಾಪ, ದೊಡ್ಡವರು!

ಅವಳ ಅಪ್ಪ ಶಿವಶರಣ ಮೊದಲು ಒಂದು ಗ್ಯಾಂಗಿನಲ್ಲಿದ್ದ. ಅದು ಲೋಗೋ ಹುಡುಕುವಂಥ ಮಕ್ಕಳ ಗ್ಯಾಂಗ್ ಅಲ್ಲ. ಶಹಾಪುರದಿಂದ ಸುರಪುರದವರೆಗೆ ಜನ ಹೆದರುತ್ತಿದ್ದ ಗ್ಯಾಂಗ್. ಆಮೇಲೆ ಪೊಲೀಸರು ಹಿಡಿದರು, ಆರು ವರ್ಷ ಜೈಲಾಯಿತು. ಅವ್ವ ಇದನ್ನು ಮುಚ್ಚಿಟ್ಟಿರಲಿಲ್ಲ. “ತಪ್ಪ ಮಾಡಿದ್ದ. ಶಿಕ್ಷಾ ಆತು. ಮುಗೀತು,” ಅಂದಿದ್ದಳು. ಅವ್ವ ಯಾದಗಿರಿಯ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾಳೆ. ಅವ್ವನಿಗೆ ಮುಗಿದಿತ್ತು. ಊರಿಗೆ ಮುಗಿದಿರಲಿಲ್ಲ.

ಜೈಲಿನಿಂದ ಅಪ್ಪ ಎರಡು ಕೆಲಸ ಕೈಗೆ ಹತ್ತಿಸಿಕೊಂಡು ಬಂದಿದ್ದ. ಅಲ್ಲಿದ್ದ ಒಬ್ಬ ಮುದುಕ ಅವನ ಕೈಗೆ ದಮ್ಮಡಿ ಎಂಬ ಚರ್ಮದ ವಾದ್ಯ ಕೊಟ್ಟು, ಅದನ್ನು ಬಡಿಯುತ್ತ ತತ್ವಪದ ಹಾಡುವುದನ್ನು ಕಲಿಸಿದ. ಚಿತ್ರ ಬರೆಯುವುದು ಅಪ್ಪನಿಗೆ ಮೊದಲೇ ಬರುತ್ತಿತ್ತು, ಜೈಲಿನ ಗೋಡೆಗಳ ಮೇಲೆ ಬರೆದು ಬರೆದು ಕೈ ಪಳಗಿತು. ಈಗ ಕಕ್ಕೇರಾ ಕಡೆಯವರು ಭಜನೆಗೆ ಕರೆಯುತ್ತಾರೆ, ಶಹಾಪುರದವರು ಬೋರ್ಡು ಬರೆಸುತ್ತಾರೆ. ಸ್ವಂತ ಓಣಿಯವರು ಮಾತ್ರ ಎದುರಿಗೆ ಬಂದರೆ ದಾರಿಯ ಆ ಬದಿಗೆ ಸರಿಯುತ್ತಾರೆ.

ಆದರೆ ಈಗ ಒಂದು ಒಳ್ಳೆಯ ಸುದ್ದಿ ಇತ್ತು. ಶಾಲೆಯ ಕಾಂಪೌಂಡ್ ಗೋಡೆಗೆ ಚಿತ್ರ ಬರೆಯುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ಸೋಮವಾರದಿಂದಲೇ ಶುರು. ಅಷ್ಟು ಉದ್ದದ ಗೋಡೆಗೆ ನವಿಲು, ಆನೆ, ಗುಡ್ಡ, ಕೃಷ್ಣಾ ನದಿ ಎಲ್ಲ ಬರುತ್ತವೆ. ಎಲ್ಲ ಮಕ್ಕಳೂ ನೋಡುತ್ತಾರೆ. ಆಗ ‘ಜೈಲಿಗೆ ಹೋದವನ ಮಗಳು’ ಹೋಗಿ ‘ಗೋಡೆ ಬರೆದವರ ಮಗಳು’ ಆಗಬಹುದು ಅಂತ ಪರಿಮಳಾಳ ಲೆಕ್ಕ.

ಚೇಳು ಅವಳಿಗೆ ಸಿಕ್ಕಿದ್ದು ಅಪ್ಪನ ಟ್ರಂಕಿನ ತಳದಲ್ಲಿ, ಹಳೆಯ ಚಿತ್ರಗಳ ಒಂದು ಹರಿದ ವಹಿಯೊಳಗೆ. ಐದೇ ಗೆರೆ, ಆದರೆ ಈಗ ಕಚ್ಚುತ್ತೇನೆ ಅನ್ನುವ ಹಾಗಿತ್ತು. ಪರಿಮಳಾಳಿಗೆ ಚೇಳಿನ ಹೆದರಿಕೆಯೇ ಇರಲಿಲ್ಲ. ಹೋದ ವರ್ಷ ನಾಗರ ಪಂಚಮಿಗೆ ಆಯಿಯ ಜೊತೆ ಕಂದಕೂರಿನ ಗುಡ್ಡಕ್ಕೆ ಹೋಗಿದ್ದಳು. ಅಲ್ಲಿ ಆ ದಿನ ಜನ ಕಲ್ಲು ಎತ್ತಿ, ಅಡಿಯಲ್ಲಿರುವ ಚೇಳನ್ನು ಕೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಇವಳ ಅಂಗೈ ಮೇಲೂ ಒಂದು ಕಚಗುಳಿ ಇಡುತ್ತ ನಡೆದುಹೋಗಿತ್ತು. ಶಿವಾನಿ ಕೇಳಿದ ಡೇಂಜರ್ ಇದೇ ಅಂತ ಅವಳಿಗೆ ಅನಿಸಿತು.

ಮನೆಗೆ ಬಂದು ತಮ್ಮ ಬಾಗಿಲಿಗೂ ಚೇಳು ಬರೆದು, ಬ್ರಶ್ ತೊಳೆದಿಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಹಾಲು ಕಾಯಿಸಲು ಇಟ್ಟಳು. ಅಪ್ಪ ಒಳಗಿನ ಕೋಣೆಯಲ್ಲಿ ದಮ್ಮಡಿ ಒರೆಸುತ್ತಿದ್ದ.

ಹಾಲು ಉಕ್ಕುವ ಮೊದಲೇ ಬಾಗಿಲ ಬಳಿ ಗದ್ದಲವಾಯಿತು.

“ಶಿವಶರಣಾ! ಹೊರಗ ಬಾ!”

ಹಂಪಣ್ಣನವರ ದನಿ ಅದು. ಅವರ ಹಿಂದೆ ಟೇಲರ್ ಗಯಾಸ, ಓಣಿಯ ಇನ್ನೂ ನಾಲ್ಕು ಮಂದಿ. ಅಪ್ಪ ದಮ್ಮಡಿ ಹಿಡಿದುಕೊಂಡೇ ಹೊರಗೆ ಹೋದ.

“ಮತ್ತ ಶುರು ಮಾಡಿದೇನು?” ಹಂಪಣ್ಣನವರು ಬಾಗಿಲ ಕಡೆ ಬೆರಳು ತೋರಿಸಿದರು. “ನೋಡ್ರಿ, ತನ್ನ ಬಾಗಲಕ್ಕೂ ಬರ್ಕೊಂಡಾನ! ಎಷ್ಟ್ ಸೊಕ್ಕು!”

“ಶಿವಶರಣ ಭಾಯ್, ನಾ ನಿನಗೇನ್ ಮಾಡೀನಿ?” ಗಯಾಸನ ದನಿ ಅಳು ಬಂದವರ ಹಾಗಿತ್ತು. “ಅದನ್ನ ನೋಡಿ ನನ್ನ ಹೆಂಡ್ತಿ ಮುಂಜಾನಿಂದ ನಡುಗಾಕತ್ತಾಳ.”

ಅಪ್ಪ ಬಾಗಿಲು ನೋಡಿದ. ಅವನ ಮುಖದಲ್ಲಿ ಒಂದು ಹನಿ ರಕ್ತ ಉಳಿಯಲಿಲ್ಲ. ಆಮೇಲೆ ತಿರುಗಿ ಪರಿಮಳಾಳನ್ನು ನೋಡಿದ. ಅವಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಉಗುರುಗಳಲ್ಲಿನ ಬಣ್ಣ ಇನ್ನೂ ಹೋಗಿರಲಿಲ್ಲ. ಅಪ್ಪನಿಗೆ ಅದು ಕಂಡಿತ್ತು.

“ನಾ ಅಳಸ್ತೀನ್ರಿ ಸಾವ್ಕಾರ್ರ,” ಅಂದ.

“ಅಂದ್ರ ನೀನೇ ಬರ್ದಿ?”

ಅಪ್ಪ ತಲೆ ತಗ್ಗಿಸಿದ.

“ಎರಡ್ ತಿಂಗಳ ಲಾಲಮ್ಮ ಟೀಚರ್ ನನ್ನ ಬೆನ್ನ ಹತ್ತಿದ್ರು,” ಅಂದರು ಹಂಪಣ್ಣನವರು. ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು. “‘ಅಂವ ಬದಲಾಗ್ಯಾನ್ರಿ, ಗ್ವಾಡಿ ಕೊಡ್ರಿ’ ಅಂದ್ರು. ಕಡೀಕ ನಾನೂ ಹೂಂ ಅಂದೆ. ನನಗ ಬುದ್ಧಿ ಇಲ್ಲ ನೋಡು! ಸಾಲಿ ಗ್ವಾಡಿ ಮರ್ತ್ ಬಿಡು ಇನ್ನ.”

ಇಷ್ಟು ಜನ ದೊಡ್ಡವರು ಒಂದು ಚೇಳಿಗೆ ಇಷ್ಟು ಸಿಟ್ಟಾಗುವುದು ಯಾಕೆಂದೇ ಪರಿಮಳಾಳಿಗೆ ತಿಳಿಯಲಿಲ್ಲ.

“ನೀ ಸಾಲಿಗಿ ಹೋಗವ್ವ,” ಅಂದ ಅಪ್ಪ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟಳು. ಹೇಳಬೇಕಿತ್ತು, ಹೇಳಲಿಲ್ಲ. ದಾರಿಯುದ್ದಕ್ಕೂ ಅದೇ ಚುಚ್ಚುತ್ತಿತ್ತು.

ಶಾಲೆಗೆ ಶಿವಾನಿ ಬಂದಿರಲಿಲ್ಲ. ಮುಬೀನಾ ಬಂದಿದ್ದಳು, ಆದರೆ ತನ್ನ ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು. ಊಟದ ಬೆಲ್ ಆದಾಗ ಪರಿಮಳಾ ಅವಳನ್ನು ನಲ್ಲಿಯ ಹತ್ತಿರ ಹಿಡಿದಳು.

“ಮುಬೀನಾ, ಎಲ್ಲಾರೂ ಯಾಕಿಷ್ಟ್ ಅಂಜ್ಯಾರ? ಅದೊಂದ್ ಚೇಳ ಅಷ್ಟೇ ಅಲ್ಲಾ?”

ಮುಬೀನಾ ಕಣ್ಣರಳಿಸಿದಳು. “ಅರೇ, ನಿನಗ ಗೊತ್ತಿಲ್ಲಾ? ನಮ್ಮ ಅಬ್ಬಾ ಹೇಳಿದ್ರು, ಅದು ನಿಮ್ಮಪ್ಪನ ಗ್ಯಾಂಗಿನ ಗುರ್ತಂತ. ಗ್ಯಾಂಗಿನ ಮ್ಯಾಲ ಯಾರರೆ ಕಂಪ್ಲೇಂಟ್ ಕೊಟ್ರ ಅವರ ಬಾಗಲಕ್ಕ ಚೇಳ ಬೀಳ್ತಿತ್ತಂತ. ಆಮ್ಯಾಲ ಗ್ಯಾಂಗ್ ಬಂದು ಹೊಡೀತಿತ್ತಂತ.”

“ಖರೇನಾ?”

“ಮತ್ತ! ಶಿವಾನಿ ಮುತ್ಯಾನ ಕೈ ಯಾಕ್ ಸೊಟ್ಟ ಐತಿ ಅಂತ ಮಾಡೀದಿ?”

ಹಂಪಣ್ಣನವರ ಎಡಗೈ ಮೊಣಕೈಯಲ್ಲಿ ಬಾಗಿಯೇ ಇರುತ್ತದೆ. ನೇರ ಆಗುವುದೇ ಇಲ್ಲ. ಹುಟ್ಟಿನಿಂದ ಹಾಗೇ ಇರಬೇಕು ಅಂತ ಪರಿಮಳಾ ಅಂದುಕೊಂಡಿದ್ದಳು.

ಅವಳು ಊಟಕ್ಕೆ ಕೂರಲಿಲ್ಲ. ಗೇಟು ದಾಟಿ, ಏರು ಓಣಿಯಲ್ಲಿ ಒಂದೇ ಸಮನೆ ಓಡಿದಳು.

ಅಂಗಡಿಯ ಮುಂದೆ ಅಪ್ಪ ಮೊಣಕಾಲೂರಿ ಕೂತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಶಟರನ್ನು ತಿಕ್ಕುತ್ತಿದ್ದ. ಚೇಳು ಹೋಗಿತ್ತು, ಆದರೆ ಅದರ ಕೆಂಪು ಆ ಜಾಗದ ಸುತ್ತ ರಾಡಿಯಾಗಿ ಹರಡಿತ್ತು. ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಅದನ್ನ ನಾ ಬರ್ದೀನ್ರಿ!” ಪರಿಮಳಾ ಕೂಗಿದಳು. “ಅಪ್ಪ ಅಲ್ರಿ, ನಾ!”

ಸ್ಟೂಲಿನ ಮೇಲೆ ಕೂತಿದ್ದ ಹಂಪಣ್ಣನವರು ಎದ್ದರು. “ಮಗಳ ಕೈಲೆ ಸುಳ್ಳ್ ಹೇಳಸ್ತೀದೇನೋ ಶಿವಶರಣಾ? ನಾಚಿಕಿ ಆಗಂಗಿಲ್ಲೇನು ನಿನಗ?”

“ಸುಳ್ಳಲ್ರಿ ಮುತ್ಯಾ! ಶಿವಾನಿ ಗ್ಯಾಂಗಿಗೆ ಲೋಗೋ ಬೇಕಾಗಿತ್ತು. ಅವರು ನನ್ನ… ಅವರು ನನ್ನ ಗ್ಯಾಂಗಿಗೆ ಕರ್ಕೊಳ್ಳಿ ಅಂತ ಬರ್ದೀನ್ರಿ.” ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಹಂಪಣ್ಣನವರು ರೇಟು ಬರೆಯುವ ಹಲಗೆಯ ಮೇಲಿನ ಸೀಮೆಸುಣ್ಣ ತೆಗೆದು ಅವಳ ಮುಂದೆ ಹಿಡಿದರು. “ಹಂಗಾದ್ರ ಬರದ್ ತೋರ್ಸು.”

“ಬ್ಯಾಡವ್ವ,” ಅಂದ ಅಪ್ಪ.

ಪರಿಮಳಾ ಸೀಮೆಸುಣ್ಣ ತೆಗೆದುಕೊಂಡಳು. ಬರೆದುಬಿಟ್ಟರೆ ಅಪ್ಪ ಪಾರು! ಗೋಡೆಯೂ ವಾಪಸ್ ಸಿಗಬಹುದು. ಅಂಗಡಿಯ ಮೆಟ್ಟಿಲಿನ ಪರ್ಸಿ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಶುರು ಮಾಡಿದಳು. ಒಂದು ಇಕ್ಕಳ. ಇನ್ನೊಂದು ಇಕ್ಕಳ. ಮೈಗೆ ಎರಡು ಗೆರೆ. ಕೈ ತಪ್ಪಲೇ ಇಲ್ಲ. ಇನ್ನು ಬಾಲ ಒಂದೇ ಉಳಿದಿತ್ತು. ಹೇಗಿದೆ ಅಂತ ಕೇಳುವ ಹಾಗೆ ತಲೆ ಎತ್ತಿದಳು.

ಹಂಪಣ್ಣನವರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅವರ ಬಲಗೈ ತಾನಾಗಿಯೇ ಬಂದು ಎಡ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕಣ್ಣು ಕಲ್ಲಿನ ಮೇಲೆಯೇ ಇತ್ತು. ಹಿಂದಿನಿಂದ ಯಾರೋ ಬರುತ್ತಾರೆ ಎನ್ನುವ ಹಾಗೆ ಅವರ ಕುತ್ತಿಗೆ ಸೆಟೆದಿತ್ತು.

ಇಷ್ಟು ದೊಡ್ಡವರು, ಹತ್ತು ವರ್ಷದ ಹುಡುಗಿ ಬರೆದ ಸೀಮೆಸುಣ್ಣದ ಗೆರೆಗೆ!

ಪರಿಮಳಾಳ ಕೈ ನಿಂತುಬಿಟ್ಟಿತು.

“ಬಾಲ ಬರಿಯಂಗಿಲ್ರಿ,” ಅಂದಳು. ಅಂಗೈಯಿಂದಲೇ ಕಲ್ಲನ್ನು ಒರೆಸಿ ಒರೆಸಿ ಅಳಿಸಿದಳು.

ಹಂಪಣ್ಣನವರು ಅವಳ ಉಗುರುಗಳನ್ನು ನೋಡಿದರು. ಶಟರಿನ ಮೇಲಿನ ಕೆಂಪು ರಾಡಿ ಎಷ್ಟು ಎತ್ತರಕ್ಕಿದೆ ಅಂತ ನೋಡಿದರು. ಅದು ಪರಿಮಳಾಳ ಎದೆಯ ಮಟ್ಟಕ್ಕೇ ಇತ್ತು.

“ಮುಂಜಾನಿ ಯಾಕ್ ಹೇಳ್ಲಿಲ್ಲ ನೀ?” ಎಂದು ಅಪ್ಪನನ್ನು ಕೇಳಿದರು.

“ಏನಂತ ಹೇಳ್ಲಿರಿ? ಆಕಿ ನೋಡಿ ಬರದಾಳ. ಮೊದಲ ಬರದಾಂವ ನಾನೇ ಅಲ್ರಿ.”

ಹಂಪಣ್ಣನವರು ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲಿಟ್ಟರು. “ಶಟರೆಲ್ಲಾ ಹೊಲಸಾಗೇತಿ. ಪೂರ್ತಿ ಬಣ್ಣ ಹಚ್ಚು,” ಅಂದರು.

“ಏನ್ ಬರೀಲ್ರಿ?”

“ಏನೂ ಬರೀಬ್ಯಾಡ. ಬರೇ ಬಣ್ಣ. ಸಾಲಿ ಗ್ವಾಡಿ ಮಾತ ಮಾತ್ರ ಈಗ ಎತ್ತಬ್ಯಾಡ.” ಇಷ್ಟು ಹೇಳಿ ಒಳಗೆ ಹೋದರು.

ಅಪ್ಪ ಅವತ್ತು ಸಂಜೆಯವರೆಗೂ ಆ ಶಟರಿಗೆ ನೀಲಿ ಹಚ್ಚಿದ. ನವಿಲಿನ ಗರಿ ಬರೆಯುವಾಗ ಎಷ್ಟು ಜೋಪಾನ ಮಾಡುತ್ತಾನೋ ಅಷ್ಟೇ ಜೋಪಾನ. ಯಾರೂ ಹೇಳದಿದ್ದರೂ ಎರಡನೇ ಸಲವೂ ಹಚ್ಚಿದ. ಯಾವಾಗಲೂ ಕೆಲಸ ಮಾಡುತ್ತ ಪದ ಹೇಳುವವನು ಅವತ್ತು ಒಂದು ಸಾಲೂ ಹೇಳಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಪರಿಮಳಾ ಕೇಳಿದಳು, “ಅಪ್ಪಾ, ಅವರ ಕೈ ಮುರದಾಂವ ನೀನೇ ಏನು?”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಅಲ್ಲವ್ವ. ನಾ ಬರೇ ಚೇಳ ಬರದಿದ್ದೆ. ಬರದು, ಮನಿಗಿ ಬಂದು, ಉಂಡು ಮಲಗಿದ್ದೆ. ಅವಾಗ ನೀ ತೊಟ್ಟಿಲದಾಗಿದ್ದಿ. ನನಗ ಅದು ಬರೇ ಒಂದ್ ಚಿತ್ರ ಅನಿಸಿತ್ತು.”

“ನನಗೂ ಹಂಗೇ ಅನಿಸಿತ್ತಪ್ಪಾ.”

“ಹೂಂ,” ಅಂದ ಅಪ್ಪ. “ನಿನಗ ಯಾರೂ ಹೇಳಿರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ರೂ ಹಂಗ ಅನ್ಕೊಂಡಿದ್ದೆ.”

“ಮತ್ತ ಆ ವಹಿ ಯಾಕ್ ಇಟ್ಕೊಂಡೀದಿ?”

“ಸುಡಬೇಕಂತ ಎಷ್ಟೋ ಸಲ ತಗದೀನಿ. ಆಗವಲ್ದು.”

ಅಪ್ಪ ತನ್ನ ತಟ್ಟೆಯ ಬೆಲ್ಲದ ತುಂಡನ್ನು ಎತ್ತಿ ಅವಳ ತಟ್ಟೆಗೆ ಹಾಕಿದ.

ಸೋಮವಾರ ಬಂತು. ಶಾಲೆಯ ಗೋಡೆ ಸುಣ್ಣ ಉದುರಿಸಿಕೊಂಡು ಹಾಗೇ ನಿಂತಿತ್ತು. ಊಟದ ಬಿಡುವಿನಲ್ಲಿ ಪರಿಮಳಾ ಕಟ್ಟೆಯ ತನ್ನ ಮೂಲೆಯಲ್ಲಿ ಕೂತು ಡಬ್ಬಿ ತೆಗೆದಳು. ಅಷ್ಟರಲ್ಲಿ ಯಾರೋ ದಪ್ಪೆಂದು ಪಕ್ಕದಲ್ಲಿ ಬಂದು ಕೂತರು.

ಶಿವಾನಿ!

“ಏ, ನೀನೇ ಬರದಿದ್ದಂತಲ್ಲ! ನಾ ಅಳಸೋಕಿಂತ ಮೊದಲ ನೋಡೀನಿ. ಎಷ್ಟ್ ಮಸ್ತ್ ಇತ್ತು! ಫುಲ್ ಡೇಂಜರ್!”

“ನಿಮ್ಮ ಮುತ್ಯಾ ಅಂಜಿದ್ರಲ್ಲ,” ಅಂದಳು ಪರಿಮಳಾ ಮೆಲ್ಲಗೆ.

“ಮುತ್ಯಾಗ ಎಲ್ಲಾದಕ್ಕೂ ಅಂಜಿಕಿ. ಬಿಡು! ನಮ್ಮ ಗ್ಯಾಂಗಿಗೆ ಅದೇ ಲೋಗೋ. ನೀನೂ ಗ್ಯಾಂಗಿನಾಗ ಬಾ. ತಗೋ, ಇದರ ಮ್ಯಾಲ ಬರಿ.” ಶಿವಾನಿ ತನ್ನ ಹೊಸ ನೋಟ್‌ಬುಕ್ಕನ್ನೂ ಕೆಂಪು ಸ್ಕೆಚ್ ಪೆನ್ನನ್ನೂ ಅವಳ ತೊಡೆಯ ಮೇಲಿಟ್ಟಳು.

ಮುಬೀನಾ ಕೂಡ ಬಂದು ಈ ಕಡೆ ಕೂತಳು. “ನನ್ನ ಬುಕ್ಕಿಗೂ, ಹಾಂ?”

ಐದು ತಿಂಗಳಲ್ಲಿ ಮೊದಲ ಸಲ ಪರಿಮಳಾಳ ಎರಡೂ ಪಕ್ಕದಲ್ಲಿ ಜನ ಇದ್ದರು. ಶಿವಾನಿಯ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಇಷ್ಟೇ ಬೇಕಾಗಿತ್ತು ಅವಳಿಗೆ, ದೇವರಾಣೆ ಇಷ್ಟೇ.

ಪೆನ್ನಿನ ಮುಚ್ಚಳ ತೆಗೆದಳು. ಐದು ಗೆರೆ. ಕಣ್ಣು ಮುಚ್ಚಿದರೂ ಬರುತ್ತಿತ್ತು. ಈ ನೋಟ್‌ಬುಕ್ ಸಂಜೆ ಶಿವಾನಿಯ ಮನೆಗೆ ಹೋಗುತ್ತದೆ. ಅಂಗಡಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಾಳೆ ಅವಳು. ಎದುರಿಗೆ ಸ್ಟೂಲಿನ ಮೇಲೆ ಮುತ್ಯಾ ಕೂತಿರುತ್ತಾರೆ.

ಪರಿಮಳಾ ಮುಚ್ಚಳ ಹಾಕಿದಳು.

“ನನಗ ಬರಂಗಿಲ್ಲ.”

“ಸುಳ್ಳ! ನೀನೇ ಬರದೀದಿ!”

“ಮರ್ತೀನಿ.” ಆಮೇಲೆ ಅವಸರದಿಂದ ಸೇರಿಸಿದಳು, “ನವಿಲ ಬರೀಲೇನು? ಅಪ್ಪ ಕಲಿಸ್ಯಾನ. ಭಾಳ ಚಂದ ಬರ್ತದ.”

“ನವಿಲಾ?” ಶಿವಾನಿ ಮೂಗು ಮುರಿದಳು. “ನಮ್ಮ ಗ್ಯಾಂಗಿಗೆ ನವಿಲ್ ಯಾಕ? ಬರಿಯಂಗಿಲ್ಲಂದ್ರ ಬಿಡು.” ನೋಟ್‌ಬುಕ್ಕು, ಪೆನ್ನು ಎತ್ತಿಕೊಂಡು ಎದ್ದಳು. ಮುಬೀನಾ ಒಂದು ಗಳಿಗೆ ಅಲ್ಲೇ ನಿಂತಳು, ಪರಿಮಳಾಳ ಮುಖ ನೋಡಿದಳು, ಆಮೇಲೆ ಅವಳೂ ಶಿವಾನಿಯ ಹಿಂದೆ ಓಡಿದಳು.

ಕಟ್ಟೆ ಮತ್ತೆ ಖಾಲಿಯಾಯಿತು. ಪರಿಮಳಾ ಅವರನ್ನು ಕರೆಯಲಿಲ್ಲ. ಕರೆದರೆ ಬರುತ್ತಿದ್ದರು, ಅದು ಅವಳಿಗೆ ಗೊತ್ತಿತ್ತು. ಬೆರಳು ತಾನಾಗಿಯೇ ಕಟ್ಟೆಯ ಧೂಳಿನಲ್ಲಿ ಒಂದು ಗೆರೆ ಎಳೆದು, ಇನ್ನೊಂದಕ್ಕೆ ಹೊರಟಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಗಟ್ಟಿಯಾಗಿ ಕೂತಳು. ಬೆಲ್ ಹೊಡೆಯುವವರೆಗೂ ಹಾಗೆಯೇ ಕೂತಿದ್ದಳು.